ಹೊರಗಿನ ಕೈ ತಾಗದ ಕಾಫಿ

ಮೂವತ್ತೇಳು ವರ್ಷ ತೋಟದ ಯಜಮಾನರು ನನ್ನ ಅಮ್ಮನನ್ನು ‘ನಮ್ಮ ಮನೆಯವಳು’ ಅಂದರು. ಆ ಮನೆಯ ಹೊಸಿಲನ್ನು ಅವಳು ಒಂದು ಸಲವೂ ದಾಟಲಿಲ್ಲ. ಒಳಗೆ ಬಾ ಅಂತ ಅವರು ಕರೆಯಲಿಲ್ಲ, ಬರಲೇ ಅಂತ ಇವಳು ಕೇಳಲಿಲ್ಲ. ಆದರೂ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅಮ್ಮನ ಮುಖ ಅರಳುತ್ತಿತ್ತು. ನನಗೆ ಮೈ ಉರಿಯುತ್ತಿತ್ತು.

ಅಮ್ಮ ಕಾಫಿ ಬೀಜ ಆರಿಸುವವಳು. ನಾನೂ ಅದೇ. ಉದ್ದನೆಯ ಶೆಡ್ಡು, ಉದ್ದನೆಯ ಮೇಜು, ಎರಡೂ ಬದಿ ಸೇರಿ ಹನ್ನೆರಡು ಜನ ಹೆಂಗಸರು. ಒರಗಲು ಬೆನ್ನಿಲ್ಲದ ಸ್ಟೂಲು. ಒಳ್ಳೆಯ ಬೀಜ ಎದೆಯ ಕಡೆಗೆ, ಕೆಟ್ಟದ್ದು ಮೇಜಿನ ತೂತಿಗೆ. ಕರಿಬೀಜ, ಹುಳುಕು ಬೀಜ, ಒಡಕು ಬೀಜ, ಹುಳಿ ಹಿಡಿದ ಬೀಜ. ಬೆಳಿಗ್ಗೆ ಎಂಟಕ್ಕೆ ಕೂತರೆ ಸಂಜೆ ಬೆಳಕು ಹೋದ ಮೇಲೆಯೇ ಏಳುವುದು. ಹತ್ತು ವರ್ಷಕ್ಕೆ ಕುತ್ತಿಗೆ ಹೋಗುತ್ತದೆ. ಇಪ್ಪತ್ತಕ್ಕೆ ಕಣ್ಣು. ಮೂವತ್ತಕ್ಕೆ ಎದೆ. ಬೀಜದ ಸಿಪ್ಪೆಯ ದೂಳು ಗಾಳಿಯಲ್ಲಿ ಕಾಣುವುದಿಲ್ಲ, ಕೆಮ್ಮಿನಲ್ಲಿ ಕಾಣುತ್ತದೆ. ಅಮ್ಮನಿಗೆ ಮೂರೂ ಹೋಗಿತ್ತು.

ಕೈ ಮಾತ್ರ ಹೋಗಿರಲಿಲ್ಲ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಅವಳ ಬಲಗೈ ಕಿರುಬೆರಳು ಹಣ್ಣು ಸುಲಿಯುವ ಯಂತ್ರಕ್ಕೆ ಸಿಕ್ಕಿತು. ಕೊಯ್ಲಿನ ಕಾಲ, ಗಾಡಿ ಖಾಲಿ ಇಲ್ಲ ಅಂತ ಡಾಕ್ಟರ ಹತ್ತಿರ ಕಳಿಸಲಿಲ್ಲ. ಆಗಿನ ಯಜಮಾನತಿ, ನಾವು ದೊಡ್ಡಮ್ಮಾವ್ರು ಅನ್ನುತ್ತಿದ್ದವರು, ತಮ್ಮದೊಂದು ಹಳೇ ಬಟ್ಟೆ ಹರಿದು ಕಟ್ಟಿದರು. ಬೆರಳು ಕೊಕ್ಕೆಯ ಹಾಗೆ ಬಾಗಿ ಕೂಡಿಕೊಂಡಿತು. ಅವತ್ತಿನಿಂದ ಅವಳ ಹೆಸರು ಹೋಗಿ ‘ಸೊಟ್ಟಬೆರಳು’ ಉಳಿಯಿತು. ಆ ಕೊಕ್ಕೆಯಿಂದಲೇ ಅವಳು ಕೆಟ್ಟ ಬೀಜ ಎಳೆದು ಹಾಕುತ್ತಿದ್ದಳು. ನಾವು ಎರಡು ಬೆರಳಲ್ಲಿ ಒಂದು ಹೆಕ್ಕುವಷ್ಟರಲ್ಲಿ ಅವಳ ನಾಲ್ಕು ತೂತಿಗೆ ಬಿದ್ದಿರುತ್ತಿದ್ದವು.

“ಬೀಜದ ಬೆನ್ನು ನೋಡಿ ಮೋಸ ಹೋಗಬೇಡ್ರೇ. ತಿರುಗಿಸಿ ಹೊಟ್ಟೆ ನೋಡಿ,” ಅನ್ನುತ್ತಿದ್ದಳು. ಬೆನ್ನು ನುಣ್ಣಗಿದ್ದು ಹೊಟ್ಟೆಯ ಗೀರಿನಲ್ಲಿ ಕಪ್ಪು ಹಿಡಿದ ಬೀಜ ಇರುತ್ತದೆ. ಅಂಥದ್ದು ಒಂದು ಸಾಕು, ಇಡೀ ಲೋಟ ಕೆಡಿಸುತ್ತದೆ.

“ಮನುಷ್ಯರೂ ಹಾಗೇನಾ ಅಕ್ಕಾ?” ಅಂತ ಎದುರು ಕೂರುವ ದೊಡ್ಡಬಾಯಿ ಕೆಣಕುತ್ತಿದ್ದಳು. ಅವಳನ್ನು ಎಲ್ಲರೂ ಕರೆಯುವುದೇ ಹಾಗೆ, ಅವಳೂ ಓಗೊಡುತ್ತಾಳೆ.

“ಮನುಷ್ಯರ ಹೊಟ್ಟೆ ನೋಡೋಕೆ ನಮ್ಮನ್ನ ಎಲ್ಲಿ ಬಿಡ್ತಾರೆ? ನಮ್ಮನ್ನ ಕಂಡ್ರೆ ಬೆನ್ನೇ ತಿರುಗಿಸ್ತಾರಲ್ಲ,” ಅಂದು ಅಮ್ಮ ನಗುತ್ತಿದ್ದಳು. ನಗು ಕೆಮ್ಮಾಗಿ ಮುಗಿಯುತ್ತಿತ್ತು.

ಏಳು ವರ್ಷದ ಹಿಂದೆ ಈಗಿನ ಯಜಮಾನ ಪ್ಯಾಕೆಟ್ ಮಾಡಿಸಿದ. ಅಲ್ಲಿಯವರೆಗೆ ಈ ತೋಟದ ಬೀಜ ಹತ್ತು ತೋಟದ ಬೀಜದ ಜೊತೆ ಬೆರೆತು ಎಲ್ಲೋ ಹೋಗುತ್ತಿತ್ತು. ಈಗ ಬೆರೆಸುವ ಹಾಗಿಲ್ಲ. ಒಂದೇ ತೋಟ, ಒಂದೇ ಕುಟುಂಬ, ಅದಕ್ಕೇ ಬೆಲೆಯಂತೆ. ಪ್ಯಾಕೆಟ್ಟಿನ ಮೇಲೆ ಹಾಕಲು ಒಂದು ಕೈಯ ಫೋಟೋ ಬೇಕಾಯಿತು. ಫೋಟೋದವನು ಮನೆಯವರ ಕೈಗಳನ್ನೆಲ್ಲ ನೋಡಿದ. ಎಲ್ಲ ಬೆಣ್ಣೆಯ ಹಾಗಿದ್ದವು. ಕೊನೆಗೆ ಶೆಡ್ಡಿಗೆ ಬಂದು ಅಮ್ಮನನ್ನು ಕರೆದುಕೊಂಡು ಹೋದರು. ಸೋಪು ಹಾಕಿಸಿ ಮೂರು ಸಲ ಕೈ ತೊಳೆಸಿದರು. ಆಮೇಲೆ ಚೆನ್ನಾಗಿ ಕಾಣಲಿ ಅಂತ ಅವರೇ ಮಣ್ಣು ಸವರಿದರು. “ಮುಖ ಬೇಡ, ಕೈ ಸಾಕು,” ಅಂದನಂತೆ ಫೋಟೋದವನು.

ಪ್ಯಾಕೆಟ್ ಬಂತು. ಕೊಕ್ಕೆ ಬೆರಳಿನ ಕೈ, ಅಂಗೈ ತುಂಬ ಕೆಂಪು ಹಣ್ಣು. ಕೆಳಗೆ ಬರೆದಿತ್ತು: ‘ನಮ್ಮ ಮುತ್ತಜ್ಜಿಯ ಕೈಗುಣ. ನಾಲ್ಕು ತಲೆಮಾರಿನಿಂದ ಮನೆಯವರೇ ಕೊಯ್ದು, ಮನೆಯವರೇ ಒಣಗಿಸಿ, ಮನೆಯವರೇ ಆರಿಸಿದ್ದು. ಹೊರಗಿನ ಕೈ ತಾಗದ ಕಾಫಿ.’

ಅಮ್ಮನಿಗೆ ಓದು ಬಾರದು. ಖಾಲಿ ಪ್ಯಾಕೆಟ್ ಒಂದನ್ನು ತಂದು ನನ್ನ ಮುಂದೆ ಹಿಡಿದಳು. “ಏನು ಬರೆದಿದ್ದಾರೆ ಮಗಳೇ?”

“ನಿನ್ನ ಕೈ ಅಂತ ಬರೆದಿದ್ದಾರೆ,” ಅಂದೆ.

ಅವಳು ಅದನ್ನು ಮಡಿಚಿ ತಲೆದಿಂಬಿನ ಕೆಳಗೆ ಇಟ್ಟುಕೊಂಡಳು. ಎಲ್ಲರ ಕೈಯೂ ತಾಗಿದ ಕಾಫಿಗೆ ‘ಕೈ ತಾಗದ್ದು’ ಅಂತ ಹೆಸರು. ತಾಗಿದ ಕೈಗಳು ಯಾವುವು, ತಾಗಬಾರದ ಕೈಗಳು ಯಾವುವು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅವಳಿಗೆ ಅದನ್ನು ಓದಿ ಹೇಳಲು ನನ್ನ ನಾಲಿಗೆ ಏಳಲಿಲ್ಲ.

ಅಮ್ಮನಿಗೆ ಈ ಲೋಕದಲ್ಲಿ ಒಂದೇ ಒಂದು ಆಸೆ ಇತ್ತು. ಸತ್ತ ಮೇಲೆ ತೋಟದ ಮೇಲಿನ ದಿಣ್ಣೆಯಲ್ಲಿ ಮಣ್ಣಾಗಬೇಕು. ಅಲ್ಲಿ ಕಲ್ಲಿನ ಗೋಡೆಯ ಒಳಗೆ ಮನೆಯವರ ಗೋರಿಗಳಿವೆ. ನಾಲ್ಕು ತಲೆಮಾರು. ಬಂದ ಅತಿಥಿಗಳನ್ನು ಯಜಮಾನ ಮೊದಲು ಅಲ್ಲಿಗೇ ಕರೆದುಕೊಂಡು ಹೋಗುವುದು. ನಮ್ಮವರಿಗೆ ಹಳ್ಳದ ಆಚೆಯ ಕಲ್ಲುಜಾಗ. ಗುಂಡಿ ತೋಡಲು ಒಂದು ದಿನ ಹಿಡಿಯುತ್ತದೆ, ಮಳೆ ಬಂದರೆ ಅಡಿಯಿಂದ ನೀರು ಏಳುತ್ತದೆ. ನಾನು ಹುಟ್ಟುವ ಮೊದಲೇ ಮರದ ಕೊಂಬೆ ಬಿದ್ದು ಸತ್ತ ಅಪ್ಪ ಅಲ್ಲಿದ್ದಾನೆ. ಎಲ್ಲಿ ಅಂತ ಕೇಳಿದರೆ ತೋರಿಸಲು ಆಗುವುದಿಲ್ಲ. ನೀರು ಎಲ್ಲ ಅಳಿಸಿದೆ. ಅಮ್ಮನಿಗೆ ಆ ನೀರಿನ ಭಯ.

ದೊಡ್ಡಮ್ಮಾವ್ರು ಹಾಸಿಗೆ ಹಿಡಿದು ಹನ್ನೊಂದು ತಿಂಗಳು ಬದುಕಿದ್ದರು. ಅವರನ್ನು ಮನೆಯ ಹಿಂದಿನ ಕೋಣೆಗೆ ಹಾಕಿದ್ದರು. ಅದಕ್ಕೆ ಹಿತ್ತಲ ಕಡೆಯಿಂದ ಬೇರೆ ಬಾಗಿಲು. ಆ ಬಾಗಿಲಿಂದ ಹೋಗಿ ಅವರ ಹೇಲು ಉಚ್ಚೆ ತೆಗೆದವಳು ಅಮ್ಮ. ಹುಣ್ಣು ತೊಳೆದವಳು ಅಮ್ಮ. ಒಂದು ದಿನ ಮಗನ ಎದುರಿಗೇ ಅವರು ಅಂದರಂತೆ: “ನೀನು ನಮ್ಮ ಮನೆಯವಳೇ ಕಣೇ. ದಿಣ್ಣೆ ಮೇಲೆ ನನ್ನ ಕಾಲ ಹತ್ರ ನಿನಗೂ ಒಂದು ಜಾಗ.” ಆ ಮಗನೇ ಈಗಿನ ಯಜಮಾನ. ಅವನು ತಲೆ ಆಡಿಸಿದನಂತೆ.

“ಸತ್ತ ಮೇಲೂ ಅವರ ಕಾಲು ಒತ್ತಬೇಕಾ ನೀನು?” ಅಂತ ನಾನು ರೇಗಿದ್ದೆ.

“ಕಾಲ ಹತ್ರ ಆದ್ರೇನು, ನೀರು ಬರಲ್ಲವಲ್ಲ,” ಅಂದಿದ್ದಳು.

ವರ್ಷಕ್ಕೊಂದು ಸಲ ಕಾಫಿ ಕೊಳ್ಳುವವರು ತೋಟ ನೋಡಲು ಬರುತ್ತಾರೆ. ಅವತ್ತು ನಾವು ಇರುವುದಿಲ್ಲ. ಅಂದರೆ, ಹೊಟ್ಟಿನ ಕೋಣೆಯಲ್ಲಿ ಇರುತ್ತೇವೆ. ಅದು ಶೆಡ್ಡಿಗೆ ತಾಗಿದ ಕತ್ತಲೆ ಕೋಣೆ, ಸುಲಿದ ಸಿಪ್ಪೆ ತುಂಬಿಡುವ ಜಾಗ. ನಮ್ಮ ಸಾಲುಮನೆಗಳು ಅತಿಥಿಗಳು ಬರುವ ದಾರಿಯಲ್ಲೇ ಇವೆ, ಅಲ್ಲಿದ್ದರೆ ಕಾಣುತ್ತೇವೆ. ಅದಕ್ಕೇ ಇಲ್ಲಿ. ನಮ್ಮ ಸ್ಟೂಲುಗಳ ಮೇಲೆ ಯಜಮಾನ, ಅವನ ಹೆಂಡತಿ, ಮಗಳು, ಅವನ ತಮ್ಮ, ನಾಲ್ವರೂ ಹೊಸ ಏಪ್ರನ್ ಕಟ್ಟಿಕೊಂಡು ಕೂರುತ್ತಾರೆ. ಬೀಜ ಆರಿಸುತ್ತಾರೆ. ಫೋಟೋ ತೆಗೆಯುತ್ತಾರೆ.

ಯಜಮಾನ ಕೆಟ್ಟವನಲ್ಲ. ಗದರುವವನಲ್ಲ. ಹಾಗೆ ಗದರಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. “ಬೇಜಾರು ಮಾಡ್ಕೋಬೇಡಿ. ಎರಡು ಗಂಟೆ ಅಷ್ಟೆ. ಮನೆಯವರೇ ಕೆಲಸ ಮಾಡೋದನ್ನ ನೋಡೋಕೆ ಅಂತಾನೇ ಅವರು ಬರೋದು,” ಅನ್ನುತ್ತಾನೆ. ಕೇಳಿದವರಿಗೆ ನಾವೇ ತಪ್ಪು ಮಾಡಿದ ಹಾಗೆ ಅನ್ನಿಸಬೇಕು.

ಈ ಸಲ ಅವರು ಬರುವ ಹೊತ್ತಿಗೆ ಅಮ್ಮ ನಾಲ್ಕು ದಿನದಿಂದ ಮಲಗಿದ್ದಳು. ಕೆಮ್ಮಿದರೆ ಬಟ್ಟೆ ಕೆಂಪಾಗುತ್ತಿತ್ತು. ನಾನು ಹೋಗಿ ಗಾಡಿ ಕೇಳಿದೆ, ಆಸ್ಪತ್ರೆಗೆ.

“ಅಯ್ಯೋ, ಇವತ್ತು ಗೆಸ್ಟ್‌ನ ಕರ್ಕೊಂಡು ಬರ್ಬೇಕಲ್ಲಮ್ಮ. ನಾಳೆ ಖಂಡಿತ,” ಅಂದ. ನಾನು ಹೊರಟಾಗ ಹಿಂದಿನಿಂದ ಕೂಗಿದ. “ಅವಳನ್ನ ಮನೇಲಿ ಬಿಡಬೇಡ. ಕೆಮ್ಮು ದಾರಿಗೆ ಕೇಳತ್ತೆ. ನಿಮ್ಮ ಜೊತೆಗೇ ಇಟ್ಕೊಳ್ಳಿ.”

ಹೊತ್ತುಕೊಂಡು ಹೋದೆ. ಅವಳಲ್ಲಿ ಹೊರಲು ಏನೂ ಉಳಿದಿರಲಿಲ್ಲ. ಹನ್ನೆರಡು ಜನ ಹೊಟ್ಟಿನ ರಾಶಿಯ ಮೇಲೆ ಕೂತೆವು. ಮೇಸ್ತ್ರಿ ಹೊರಗಿನಿಂದ ಚಿಲಕ ಹಾಕಿದ. ಕೂತಲ್ಲಿ ಒಬ್ಬರು ಅಲುಗಿದರೂ ದೂಳು ಏಳುತ್ತದೆ. ಅಮ್ಮನ ಎದೆ ಸೀಟಿ ಹೊಡೆಯಲು ಶುರುವಾಯಿತು.

ಗೋಡೆಯ ಆಚೆ ದನಿಗಳು ಬಂದವು. ಸ್ಟೂಲು ಎಳೆದ ಸದ್ದು. ನಗು. ಯಜಮಾನನ ಹೆಂಡತಿ ಹೇಳುತ್ತಿದ್ದಳು, “ಇದು ನಮ್ಮ ಅಜ್ಜಿ ಕಲಿಸಿದ್ದು. ಬೆನ್ನು ನೋಡಬಾರದು, ಹೊಟ್ಟೆ ನೋಡಬೇಕು.” ದೊಡ್ಡಬಾಯಿ ನನ್ನ ಕಡೆ ನೋಡಿದಳು.

ಅಮ್ಮ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು. ಕೆಮ್ಮು ಒಳಗೇ ಒದೆಯಿತು. ಮೈಯೆಲ್ಲ ಕುಲುಕಿತು, ಸದ್ದಿಲ್ಲ. ಕಣ್ಣು ಹೊರಗೆ ಬಂತು, ಸದ್ದಿಲ್ಲ. ತುಟಿ ನೀಲಿಯಾಯಿತು. ಬಟ್ಟೆ ಕೀಳಲು ಹೋದರೆ ನನ್ನ ಕೈಯನ್ನು ತಳ್ಳುತ್ತಾಳೆ. ಸಾಯುತ್ತಾ ಇರುವವಳು, ಅವರ ಮಾನ ಕಾಯುತ್ತಾ ಇದ್ದಾಳೆ.

ಬಾಗಿಲು ಬಡಿದೆ. “ಶ್! ಇನ್ನು ಹತ್ತು ನಿಮಿಷ,” ಅಂದ ಮೇಸ್ತ್ರಿ ಹೊರಗಿನಿಂದ.

ಹತ್ತು ನಿಮಿಷ ಅವಳ ಹತ್ತಿರ ಇರಲಿಲ್ಲ. ಹೊಟ್ಟಿನ ಕೋಣೆಗೆ ಇನ್ನೊಂದು ಬಾಗಿಲಿದೆ, ನೇರ ಶೆಡ್ಡಿಗೆ. ಅದಕ್ಕೆ ಮರದ ಬೆಣೆ ಬಡಿದಿದ್ದರು. ಭುಜ ಕೊಟ್ಟೆ. ಅಲುಗಲಿಲ್ಲ. ದೊಡ್ಡಬಾಯಿ ಎದ್ದು ತನ್ನ ಭುಜವನ್ನೂ ಕೊಟ್ಟಳು. ಬೆಣೆ ಸಿಡಿಯಿತು. ಅಮ್ಮನ ಬಾಯಿಂದ ಬಟ್ಟೆ ಕಿತ್ತು, ಅವಳನ್ನು ತೋಳಿಗೆ ಒರಗಿಸಿ ನಡೆಸಿಕೊಂಡು ಬೆಳಕಿಗೆ ಬಂದೆ.

ಮೇಜಿನ ಸುತ್ತ ಅವರೆಲ್ಲ ಕೂತಿದ್ದರು. ಸ್ಟೂಲುಗಳ ಮೇಲೆ ಮೆತ್ತನೆಯ ದಿಂಬು ಹಾಕಿದ್ದರು. ಅದೊಂದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಎದುರಿಗೆ ನಾಲ್ವರು ಅತಿಥಿಗಳು, ಎಲ್ಲರಿಗೂ ಹಿರಿಯ ಒಬ್ಬ ಗಡ್ಡದವನು, ಅವನ ಕೈಯಲ್ಲಿ ಪ್ಯಾಕೆಟ್. ಯಾರೂ ಉಸಿರಾಡಲಿಲ್ಲ. ಉಸಿರಾಡಿದವಳು ಅಮ್ಮ ಒಬ್ಬಳೇ. ಕೆಮ್ಮಿದಳು, ಉಸಿರೆಳೆದಳು, ಮತ್ತೆ ಕೆಮ್ಮಿದಳು.

ಹೊರಗೆ ಹೋಗಲು ಮೇಜಿನ ಪಕ್ಕದಲ್ಲೇ ಹಾಯಬೇಕು. ಅಮ್ಮನ ಸ್ಟೂಲಿನ ಮೇಲೆ ಯಜಮಾನನ ಹೆಂಡತಿ ಇದ್ದಳು. ಅವಳ ಎದೆಯ ಹತ್ತಿರ ಒಳ್ಳೆಯ ಬೀಜದ ಗುಡ್ಡೆ. ಅಲ್ಲಿಗೆ ಬಂದಾಗ ಅಮ್ಮನ ಕಾಲು ನಿಂತಿತು. ಕೈ ಮುಂದೆ ಹೋಯಿತು. ಕೊಕ್ಕೆ ಬೆರಳು ಆ ಗುಡ್ಡೆಗೆ ಇಳಿದು ಒಂದು, ಎರಡು, ಮೂರು ಬೀಜ ಎಳೆದು ತೂತಿಗೆ ಹಾಕಿತು. ಟಕ್, ಟಕ್, ಟಕ್. ಬೇಕಂತ ಮಾಡಿದ್ದಲ್ಲ. ಹೋಗುವ ಜೀವದ ಕೈಗೂ ಕೆಟ್ಟ ಬೀಜ ಬಿಟ್ಟು ಹೋಗಲು ಬರಲಿಲ್ಲ.

ಆಮೇಲೆ ಎಚ್ಚರವಾಯಿತು. ಕೈ ಹಿಂದಕ್ಕೆ ಎಳೆದುಕೊಂಡಳು. “ತಪ್ಪಾಯ್ತು ಅಮ್ಮಾವ್ರೇ. ಕಣ್ಣಿಗೆ ಬಿತ್ತು,” ಅಂದಳು.

ಗಡ್ಡದವನು ಅವಳ ಕೈ ನೋಡಿದ. ಪ್ಯಾಕೆಟ್ ನೋಡಿದ. ಮತ್ತೆ ಕೈ ನೋಡಿದ. ಆಮೇಲೆ ಯಜಮಾನನ ಮುಖ ನೋಡಿದ.

ಯಜಮಾನ ಎದ್ದು ಬಂದು ಅಮ್ಮನ ಭುಜದ ಮೇಲೆ ಕೈ ಇಟ್ಟ. ಮೊದಲ ಸಲ. “ಇವರು ನಮ್ಮ ಮನೆಯವರೇ. ಮನೆಗೆಲ್ಲ ಹಿರಿಯರು. ಸ್ವಲ್ಪ ಹುಷಾರಿಲ್ಲ, ಒಳಗೆ ರೆಸ್ಟ್ ತಗೊಳ್ತಿದ್ರು,” ಅಂದ.

ಗಡ್ಡದವನು ಮುಗುಳ್ನಕ್ಕ. ನಮ್ಮ ತಲೆ ತುಂಬ ಹೊಟ್ಟು ಇತ್ತು. ಒಡೆದ ಬಾಗಿಲಲ್ಲಿ ಹತ್ತು ಜನ ಹೆಂಗಸರು ನಿಂತಿದ್ದರು. ಅವನು ಯಾವುದನ್ನೂ ಕೇಳಲಿಲ್ಲ. ಅಮ್ಮನ ಕೈಯ ಫೋಟೋ ತೆಗೆದುಕೊಂಡ. ಅವನೂ ಬೆನ್ನು ನೋಡುವವನೇ.

ನನ್ನ ಬಾಯಿಗೆ ಮಾತು ಬಂದಿತ್ತು. ಗಂಟಲವರೆಗೆ ಅಲ್ಲ, ನಾಲಿಗೆಯ ತುದಿಗೇ ಬಂದಿತ್ತು. ಅಮ್ಮನ ಕೊಕ್ಕೆ ಬೆರಳು ನನ್ನ ತೋಳನ್ನು ಕಚ್ಚಿ ಹಿಡಿಯಿತು. ಬೇಡ ಅಂತ. ನುಂಗಿಕೊಂಡೆ. ಅದು ಇವತ್ತಿಗೂ ಅರಗಿಲ್ಲ.

ಮರುದಿನ ಗಾಡಿ ಅತಿಥಿಗಳನ್ನು ಬಿಡಲು ಹೋಯಿತು. ಅದು ವಾಪಸು ಬರುವುದನ್ನು ಕಾಯುತ್ತಾ ನಾನು ಬಾಗಿಲಲ್ಲಿ ಕೂತೆ. ಅಮ್ಮನ ಮುಖದಲ್ಲಿ ಬೆಳಕು.

“ಕೇಳಿಸ್ಕೊಂಡ್ಯಾ? ಎಲ್ಲರ ಮುಂದೆ ಅಂದ್ರು. ಹಿರಿಯರು ಅಂದ್ರು.”

“ಹೂಂ ಅಮ್ಮ.”

“ಪ್ಯಾಕೆಟ್ ಮೇಲೂ ಬರೆದಿದ್ದಾರಲ್ಲ, ನನ್ನ ಕೈ ಅಂತ. ನೀನೇ ಓದಿದ್ಯಲ್ಲ. ಇನ್ನು ಜಾಗದ ಚಿಂತೆ ಇಲ್ಲ ಬಿಡು. ನೀನು ಸುಮ್ನೆ ಅವರ ಮೇಲೆ ಹಾರಾಡ್ತಿದ್ದೆ.”

ಹೂಂ ಅಂದೆ. ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟಳು. ಒಂದು ಕಡೆ ಅವನ ಸುಳ್ಳು, ಒಂದು ಕಡೆ ನನ್ನ ಸುಳ್ಳು. ಎರಡರ ನಡುವೆ ಅಮ್ಮ ನೆಮ್ಮದಿಯಾಗಿ ಸತ್ತಳು.

ಮೈ ತೊಳೆದೆವು. ಕೈ ನಾನೇ ತೊಳೆದೆ. ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಉಜ್ಜಿದೆ. ಹೋಗಲಿಲ್ಲ. “ಬಿಡೇ, ಅದು ಚರ್ಮವೇ ಆಗಿದೆ,” ಅಂದಳು ದೊಡ್ಡಬಾಯಿ, ಮತ್ತೆ ಗೋಡೆಗೆ ಹಣೆ ಇಟ್ಟು ಅತ್ತಳು.

ದಿಣ್ಣೆಯ ಜಾಗ ಕೇಳಲು ನಾನು ಹಿತ್ತಲ ಮೆಟ್ಟಿಲಿಗೆ ಹೋದೆ. ಯಜಮಾನ ಹೊರಗೆ ಬಂದ. ಅವನ ಕಣ್ಣು ಒದ್ದೆಯಾಗಿದ್ದದ್ದು ನಿಜ. ಸುಳ್ಳು ಯಾಕೆ ಹೇಳಲಿ.

“ಜೀವ ಸವೆಸಿದಳು ನಮಗೋಸ್ಕರ,” ಅಂದ.

“ದೊಡ್ಡಮ್ಮಾವ್ರು ಜಾಗ ಹೇಳಿದ್ರು, ಯಜಮಾನ್ರೇ. ಅವರ ಕಾಲ ಹತ್ರ. ನೀವೂ ಇದ್ರಿ.”

ಅವನು ತನ್ನ ಚಪ್ಪಲಿ ನೋಡಿದ. “ಅಮ್ಮ ಕಾಯಿಲೇಲಿ ಏನೇನೋ ಅಂತಿದ್ರು. ನೀನೇ ಯೋಚನೆ ಮಾಡು. ಅಲ್ಲಿ ಹೇಗಾಗತ್ತೆ? ಅದು ಮನೆಯವರಿಗೆ ಮಾತ್ರ ಕಣಮ್ಮ.”

ನಾನು ನಿಂತೇ ಇದ್ದೆ. ನಿನ್ನೆ ಶೆಡ್ಡಿನಲ್ಲಿ ಆಡಿದ ಮಾತು ಅವನಿಗೆ ನೆನಪಾಗುತ್ತದೆ ಅಂತ ಕಾದೆ. ನೆನಪಾಗಲಿಲ್ಲ. ಅವನು ಒಳಗೆ ಹೋಗಿ ಒಂದು ಪ್ಯಾಕೆಟ್ ತಂದು ನನ್ನ ಕೈಗಿಟ್ಟ. “ಬಂದವರಿಗೆ ಕಾಫಿ ಮಾಡಿ ಕೊಡು,” ಅಂದ.

ಮೂವತ್ತೇಳು ವರ್ಷ ಆ ಬೀಜ ಆರಿಸಿದವಳು ಆ ಕಾಫಿ ಒಂದು ಗುಟುಕು ಕುಡಿದಿರಲಿಲ್ಲ. ತೂತಿಗೆ ಬಿದ್ದ ಬೀಜ ಹುರಿದು ನಾವು ಕುಡಿಯುವುದು. ಪ್ಯಾಕೆಟ್ಟಿನ ಮೇಲೆ ಅವಳ ಕೈ. ಆ ಕೈಯನ್ನು ಈಗಷ್ಟೇ ತೊಳೆದು ಎದೆಯ ಮೇಲೆ ಇಟ್ಟು ಬಂದಿದ್ದೆ.

ಹಳ್ಳದ ಆಚೆ ಹಾರೆ ಕಲ್ಲಿಗೆ ಬಡಿಯಿತು. ಮತ್ತೆ ಮತ್ತೆ ಬಡಿಯಿತು. ಎರಡು ಕಡೆ ತೋಡಿ ಬಿಟ್ಟರು, ಮೂರನೆಯ ಕಡೆ ಸೊಂಟದ ಆಳ ಸಿಕ್ಕಿತು. ಅಡಿಯಲ್ಲಿ ಒದ್ದೆ ಇತ್ತು. ನಾನು ನೋಡಿದೆ. ಅವಳನ್ನು ಆ ಒದ್ದೆಯ ಮೇಲೆಯೇ ಮಲಗಿಸಿದೆವು. ಒದ್ದೆ ಇಲ್ಲಮ್ಮ, ಒಣಗಿದೆ ಅಂತ ಇನ್ನೊಂದು ಸುಳ್ಳು ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ಸಾಕಾಗಿತ್ತು.

ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಎಂಟಕ್ಕೆ ಶೆಡ್ಡಿಗೆ ಹೋದೆ. ಎಲ್ಲರೂ ಬಂದಿದ್ದರು. ಗಡ್ಡದವನು ಒಪ್ಪಿಕೊಂಡ ಬೀಜ ಸಾಗಿಸಲು ಮಾರನೇ ದಿನ ಲಾರಿ ಬರುವುದಿತ್ತು. ಒಂದು ತಿಂಗಳು ಆರಿಸಿದ ಬೀಜ ಮೇಜಿನ ತುದಿಯಲ್ಲಿ ಗುಡ್ಡೆಯಾಗಿ ಬಿದ್ದಿತ್ತು, ಮೂಟೆ ಕಟ್ಟುವುದೊಂದೇ ಬಾಕಿ. ಅದರಲ್ಲಿ ಅರ್ಧ ಅಮ್ಮನ ಬೆರಳು ಮುಟ್ಟಿದ್ದು. ಅಮ್ಮನ ಸ್ಟೂಲು ಖಾಲಿ ಇತ್ತು. ಅದರ ಮೇಲಿನ ದಿಂಬು ತೆಗೆದಿದ್ದರು.

ಯಜಮಾನ ಬಂದ. “ದುಃಖ ಇದ್ದದ್ದೇ. ಕೆಲಸ ಮಾಡ್ತಾ ಮರೀಬೇಕು. ನೀನು ಅಮ್ಮನ ಜಾಗದಲ್ಲೇ ಕೂತ್ಕೋ,” ಅಂದ.

ಜಾಗ! ಆ ಮಾತು ಅವನ ಬಾಯಿಂದ ಬರಬಾರದಿತ್ತು.

ಮೇಜಿನ ಕೆಳಗೆ ತೂತಿನಿಂದ ಬಿದ್ದ ಬೀಜದ ಚೀಲಗಳಿದ್ದವು. ಒಂದನ್ನು ಎಳೆದೆ. ಹೆಗಲಿಗೆ ಎತ್ತಿದೆ. ಆ ಗುಡ್ಡೆಯ ಮೇಲೆ ಕವುಚಿದೆ. ಕರಿಬೀಜ, ಹುಳುಕು ಬೀಜ, ಒಡಕು ಬೀಜ. ಇನ್ನೊಂದು ಚೀಲ ಎಳೆದೆ. ಅದನ್ನೂ ಕವುಚಿದೆ. ಅಮ್ಮ ಬೇರೆ ಮಾಡಿದ್ದನ್ನು ನನ್ನ ಕೈಯಾರೆ ಬೆರೆಸುತ್ತಿದ್ದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕೈ ನಿಲ್ಲಲಿಲ್ಲ. ಎರಡೂ ಕೈಯಿಂದ ಕಲಸಿದೆ, ಮೊಣಕೈವರೆಗೆ. ಕೊನೆಗೆ ಅವನು ಕೊಟ್ಟ ಪ್ಯಾಕೆಟ್ ತೆಗೆದು ಆ ಗುಡ್ಡೆಯ ತಲೆಯ ಮೇಲಿಟ್ಟೆ.

“ಇದೇನು ಮಾಡಿದೆ?” ಅವನ ದನಿ ಮೊದಲ ಸಲ ಏರಿತು. “ನಾಳೆ ಲಾರಿ ಬರತ್ತೆ! ಯಾರು ಆರಿಸೋರು ಇದನ್ನ?”

“ಮನೆಯವರು,” ಅಂದೆ. “ಮನೆಯವರಿಗೆ ಮಾತ್ರ, ಯಜಮಾನ್ರೇ. ಹೊರಗಿನ ಕೈ ತಾಗಬಾರದು.”

ದೊಡ್ಡಬಾಯಿ ಸ್ಟೂಲು ಹಿಂದಕ್ಕೆ ತಳ್ಳಿದಳು. ಎದ್ದಳು. ಅವಳ ಪಕ್ಕದವಳು ಎದ್ದಳು. ಆಮೇಲೆ ಇನ್ನೊಬ್ಬಳು. ಬೆನ್ನು ಬಾಗಿದವರು ನಿಧಾನಕ್ಕೆ ಎದ್ದರು, ಮೇಜು ಹಿಡಿದುಕೊಂಡು. ಹನ್ನೊಂದು ಜನ ಹೊರಗೆ ಬಂದೆವು. ಹಿಂದಿನ ಬಾಗಿಲಿಂದಲ್ಲ, ಅತಿಥಿಗಳು ಬರುವ ಬಾಗಿಲಿಂದ.

ಸಂಜೆಯೊಳಗೆ ಮನೆ ಖಾಲಿ ಮಾಡಬೇಕು ಅಂತ ಮೇಸ್ತ್ರಿ ಬಂದು ಹೇಳಿದ. ಗಂಟು ಕಟ್ಟಲು ಏನಿತ್ತು? ಎರಡು ಪಾತ್ರೆ, ಒಂದು ಕಂಬಳಿ, ತಲೆದಿಂಬಿನ ಕೆಳಗಿದ್ದ ಆ ಮಡಿಚಿದ ಪ್ಯಾಕೆಟ್. ಮುಂದೆ ಎಲ್ಲಿಗೆ ಅಂತ ನನಗೆ ಗೊತ್ತಿರಲಿಲ್ಲ. ಹಳ್ಳದ ಆಚೆ ಇರುವವಳನ್ನು ಬಿಟ್ಟು ಹೋಗುತ್ತಿದ್ದೇನೆ ಅಂತ ಮಾತ್ರ ಗೊತ್ತಿತ್ತು.

ದಾರಿ ಶೆಡ್ಡಿನ ಕಿಟಕಿಯ ಪಕ್ಕದಲ್ಲೇ ಹೋಗುತ್ತದೆ. ಒಳಗೆ ನಾಲ್ವರೂ ಕೂತಿದ್ದರು. ಈ ಸಲ ಏಪ್ರನ್ ಇರಲಿಲ್ಲ. ದಿಂಬೂ ಇರಲಿಲ್ಲ. ಯಜಮಾನ ಕುತ್ತಿಗೆ ಒತ್ತಿಕೊಳ್ಳುತ್ತಿದ್ದ. ಮಗಳು ಅಳುತ್ತಿದ್ದಳು. ಅವನ ಹೆಂಡತಿ ಅಮ್ಮನ ಸ್ಟೂಲಿನ ಮೇಲೆ ಕೂತು ಒಂದು ಬೀಜ ಹಿಡಿದುಕೊಂಡಿದ್ದಳು. ಬೆಳಕಿಗೆ ಹಿಡಿದಳು. ತಿರುಗಿಸಿದಳು. ಎದೆಯ ಕಡೆಗೆ ತಂದಳು, ತೂತಿನ ಕಡೆಗೆ ಒಯ್ದಳು, ಮತ್ತೆ ನಿಲ್ಲಿಸಿದಳು. ಕೇಳೋಣ ಅಂತ ಪಕ್ಕಕ್ಕೆ ತಿರುಗಿದಳು. ಪಕ್ಕದಲ್ಲಿ ಯಾರೂ ಇರಲಿಲ್ಲ. ಆಗ ಕಿಟಕಿಯಲ್ಲಿ ನನ್ನನ್ನು ಕಂಡಳು. ಆ ಬೀಜವನ್ನು ನನ್ನ ಕಡೆಗೆ ಎತ್ತಿ ತೋರಿಸಿದಳು.

ಅದು ಎಂಥ ಬೀಜ ಅಂತ ಅಷ್ಟು ದೂರದಿಂದಲೇ ನನಗೆ ಗೊತ್ತಾಯಿತು. ಅಮ್ಮನ ಮಗಳು ನಾನು.

ಹೇಳಲಿಲ್ಲ. ನಡೆದೆ.